ಕಕ್ಕಡದ ಪಾಯಸ

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ತಿಂದರೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಆ ವರ್ಷ ಅಮ್ಮನಿಗೆ ಜುಲೈನಲ್ಲೇ ಹೋಯಿತು, ಕ್ಯಾನ್ಸರಿಗೆ ಕೊಟ್ಟ ಕೀಮೋದ ಕೆಂಪು ಔಷಧಿಯಿಂದ. 'ಈ ಸಲ ನಂಗೆ ಕಕ್ಕಡ ಬೇಗ ಬಂತು' ಎಂದು ನಕ್ಕಳು.

ಕೀಮೋ ಆದ ಹತ್ತನೇ ದಿನ ರಾತ್ರಿ ಜ್ವರ 101. ಡಾಕ್ಟರ್ ಮೊದಲೇ ಹೇಳಿದ್ದರು: 100.4 ಮುಟ್ಟಿದರೆ ಮಾತ್ರೆ ಕೊಟ್ಟು ಕಾಯಬೇಡಿ, ಹೊರಟುಬಿಡಿ. ಆಗ ಸೋಂಕು ತಡೆಯುವ ಬಿಳಿ ರಕ್ತಕಣ ತಳ ಕಂಡಿರುತ್ತವೆ. ನಾನು ಮಾತ್ರೆ ಕೊಟ್ಟು ಒಂದು ಗಂಟೆ ಕಾದೆ. ಮಳೆ, ಕರೆಂಟಿಲ್ಲ, ತೋಟದ ದಾರಿಗೆ ಸಿಲ್ವರ್ ಮರ ಬಿದ್ದಿತ್ತು. ಮರ ಬರೀ ನೆಪ, ನಂಗೆ ಹೆದರಿಕೆಯಾಗಿತ್ತು.

ಸುಂಟಿಕೊಪ್ಪದಿಂದ ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರುವಾಗ ನಡುರಾತ್ರಿ. ತೋಳಿನಿಂದ ಒಮ್ಮೆ, ಕೀಮೋಗೆಂದು ಎದೆಯಲ್ಲಿ ಕೂರಿಸಿದ್ದ ಪೋರ್ಟ್‌ನಿಂದ ಒಮ್ಮೆ ರಕ್ತ ತೆಗೆದು, ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಬಾಟಲಿಗೆ ಹಾಕಿದರು. ತಕ್ಷಣ ಆಂಟಿಬಯೋಟಿಕ್ ಶುರು. ಜ್ವರ ಮಾತ್ರ ಜಗ್ಗಲಿಲ್ಲ.

ಮಾರನೇ ಸಂಜೆ ಬಾಟಲಿ 'ಪಾಸಿಟಿವ್' ಎಂದರು. ಲ್ಯಾಬಿನ ಹುಡುಗ ತೋರಿಸಿದ. ತಳದ ಹಸಿರು ಬಿಲ್ಲೆ ಹಳದಿಯಾಗಿತ್ತು, ಅಷ್ಟೇ. ಒಳಗೆ ಬ್ಯಾಕ್ಟೀರಿಯಾ ಬೆಳೆದಿದೆ. ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಟ್ಟೆಯಲ್ಲಿ ಬೆಳೆಸಿ ನೋಡಲು ಇನ್ನೂ ಎರಡು ದಿನ ಬೇಕು. ಅಮ್ಮನ ಬಿಪಿ ಆಗಲೇ ಇಳಿಯುತ್ತಿತ್ತು. ಹಾಗಾಗಿ ಅದೇ ಬಾಟಲಿಯ ಹನಿಯನ್ನು ಜೀನ್ ಹುಡುಕುವ ಪಿಸಿಆರ್ ಯಂತ್ರಕ್ಕೂ ಹಾಕಿದರು.

ಒಂದೂವರೆ ಗಂಟೆಯಲ್ಲಿ ಚೀಟಿ ಬಂತು: ಬ್ಯಾಕ್ಟೀರಿಯಾ ಕ್ಲೆಬ್ಸಿಯೆಲ್ಲಾ, ಅದರಲ್ಲಿರುವ ಜೀನ್ ಎನ್‌ಡಿಎಂ. ಮೆರೋಪೆನೆಮ್‌ನಂಥ ದೊಡ್ಡ ಔಷಧಿಯನ್ನೂ ಒಡೆದುಹಾಕುವ ಕಿಣ್ವದ ಜೀನ್ ಅದು. ಆದರೆ ಅಜ್ಟ್ರಿಯೋನಾಮ್ ಎಂಬ ಔಷಧಿಯನ್ನು ಎನ್‌ಡಿಎಂ ಒಡೆಯಲಾರದಂತೆ. ಅದನ್ನು ಒಡೆಯುವ ಬೇರೆ ಕಿಣ್ವಗಳೂ ಅದೇ ಬ್ಯಾಕ್ಟೀರಿಯಾದಲ್ಲಿ ಹೆಚ್ಚಾಗಿ ಇರುತ್ತವೆ, ಅವನ್ನು ತಡೆಯೋಕೆ ಅವಿಬ್ಯಾಕ್ಟಮ್ ಇರುವ ಇನ್ನೊಂದು ಇಂಜೆಕ್ಷನ್. ಎರಡೂ ಒಟ್ಟಿಗೆ. ಬಿಲ್ ನೋಡಿ ಆ ವರ್ಷದ ಕರಿಮೆಣಸಿನ ಲೆಕ್ಕ ಅಲ್ಲೇ ಮುಗಿಯಿತು ಎಂದುಕೊಂಡೆ. ರಾತ್ರಿಯೇ ಔಷಧಿ ಬದಲಾಯಿತು.

ಎರಡು ದಿನ ಬಿಟ್ಟು ತಟ್ಟೆಯ ರಿಪೋರ್ಟ್ ಬಂತು. ಯಂತ್ರ ತನ್ನ ಪಟ್ಟಿಯಲ್ಲಿರುವ ಜೀನ್ ಮಾತ್ರ ಹುಡುಕುತ್ತದೆ, ಹಾಗಾಗಿ ಅದನ್ನೂ ನೋಡಲೇಬೇಕು ಎಂದಿದ್ದರು. ಮೊದಲು ಕೊಟ್ಟಿದ್ದ ಔಷಧಿಯ ಎದುರು 'ಆರ್', ಅಂದರೆ ಬಗ್ಗಲ್ಲ. ಅಷ್ಟರಲ್ಲಿ ಅಮ್ಮನ ಜ್ವರ ಬಿಟ್ಟಿತ್ತು, ಕಾಫಿಗೆ ಸಕ್ಕರೆ ಕಮ್ಮಿ ಎಂದು ನನ್ನ ಮೇಲೆ ರೇಗಿದ್ದಳು.

ಆಗಸ್ಟ್ 3ಕ್ಕೂ ನಾವು ಅಲ್ಲೇ. ಚಿಕ್ಕಮ್ಮ ಸ್ಟೀಲ್ ಡಬ್ಬಿಯಲ್ಲಿ ಪಾಯಸ ತಂದರು. ಹೊರಗಿನದು ಕೊಡುವ ಹಾಗಿಲ್ಲ ಎಂದರು ನರ್ಸ್. ಅಮ್ಮ ಮುಚ್ಚಳ ತೆಗೆಸಿ ವಾಸನೆ ನೋಡಿ, ಡಬ್ಬಿ ನನ್ನ ಕಡೆ ತಳ್ಳಿದಳು. ಕಾರಿಡಾರಿನಲ್ಲಿ ನಿಂತು ಪೂರ್ತಿ ತಿಂದೆ. ಮಾರನೇ ಬೆಳಗ್ಗೆ ಕಣ್ಣು ಬಿಟ್ಟವಳೇ ಕೇಳಿದಳು, 'ಕೆಂಪಾಯ್ತಾ?'