ಒಂಬತ್ತು ಬಗೆಯ ಊಟ

ಈ ಡಿಸೆಂಬರಿನಲ್ಲಿ ಶಿರಸಿಯ ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಭರಣಿ ತುಂಬ ಎಲೆಕೋಸು ಹುಳಿಯುತ್ತಿದೆ. ಕಿಲೋ ಕೋಸಿಗೆ ಇಪ್ಪತ್ತು ಗ್ರಾಂ ಉಪ್ಪು ಹಾಕಿ ತಿಕ್ಕಿದರೆ ಕೋಸು ತಾನೇ ನೀರು ಬಿಡುತ್ತದೆ. ಆ ನೀರಿನಲ್ಲಿ ಮುಳುಗುವಂತೆ ಮೇಲೊಂದು ಕಲ್ಲು ಹೇರಬೇಕು. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಪಳಗಿದ ಆಯಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಕೂಸೇ, ನಾಲ್ಕು ಸೂಜಿಮೆಣಸು ಹಾಕಿದರೆ ರುಚಿ ಬರುತ್ತದೆ" ಎಂದಳು. ಹಾಕಿದ್ದಾಳೆ. ಕಾರವಾರದಲ್ಲಿ ನಾವು ಮಾಡಲಿರುವ ಕ್ರಿಸ್‌ಮಸ್ ಊಟದ ಒಂಬತ್ತು ಬಗೆಗಳಲ್ಲಿ ಇದೂ ಒಂದು. ಈ ಊಟವನ್ನು ನಾನು ಮೊದಲು ಉಂಡದ್ದು ಜರ್ಮನಿಯಲ್ಲಿ, ಎರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನ ಆನಾಬೆರ್ಗ್ ಎಂಬ ಊರಿನ ಒಂದು ಮನೆಯಲ್ಲಿ.

ಕೆಮ್ನಿಟ್ಸ್ ನಗರದಲ್ಲಿ ಓದುತ್ತಿದ್ದಾಗ ನಾವು ಉತ್ತರ ಕನ್ನಡದವರು ಮೂವರಿದ್ದೆವು: ಶಿರಸಿಯ ನಾನು, ಕುಮಟೆಯ ಗೆಳೆಯ, ಕಾರವಾರದ ಗೆಳತಿ. ಘಟ್ಟದ ಮೇಲಿನವರು, ಕೆಳಗಿನವರು ಎಂಬ ಮಾತೆಲ್ಲ ಅಲ್ಲಿ ಕರಗಿಹೋಗಿತ್ತು. ಡಿಸೆಂಬರ್ ಬಂದರೆ ಗೆಳತಿ ಮಂಕಾಗುತ್ತಿದ್ದಳು. ಕ್ರಿಸ್‌ಮಸ್ ಅವಳ ಮನೆಯ ಹಬ್ಬ. ಕಾರವಾರದಲ್ಲಿ ಆ ಹೊತ್ತಿಗೆ ಮನೆಮನೆಯ ಮುಂದೆ ನಕ್ಷತ್ರದ ದೀಪ ತೂಗುತ್ತಿರುತ್ತದೆ. ಅಂಗಳದಲ್ಲಿ ಗೋದಲಿ ಕಟ್ಟುತ್ತಿರುತ್ತಾರೆ. ಅಕ್ಕಪಕ್ಕದ ಹೆಂಗಸರು ಸೇರಿ ಹಬ್ಬದ ಸಿಹಿತಿಂಡಿಗಳಾದ ನೆವ್ರಿ ಮಡಚುತ್ತ, ಕುಲ್ಕುಲ್ ಸುರುಳಿ ಸುತ್ತುತ್ತ ಕೂತಿರುತ್ತಾರೆ. ಜರ್ಮನಿಯಲ್ಲಿ ಸುತ್ತಲೂ ಕ್ರಿಸ್‌ಮಸ್ಸೇ ಇದ್ದರೂ ಅದರಲ್ಲಿ ಅವಳಿಗೆ ಕೆಲಸವಿರಲಿಲ್ಲ. ಮೂವರೂ ಡ್ರೆಸ್ಡೆನ್‌ನ ಕ್ರಿಸ್‌ಮಸ್ ಸಂತೆಗೆ ಹೋಗಿಬಂದಿದ್ದೆವು. 1434ರಿಂದ ದಾಖಲೆಯಿರುವ ಸಂತೆ ಅದು. ಚೆಂದವಿತ್ತು. ದಾಲ್ಚಿನ್ನಿ, ಲವಂಗ ಹಾಕಿ ಬಿಸಿ ಮಾಡಿದ ವೈನನ್ನು ಅವರಿಬ್ಬರೂ ಕುಡಿದರು, ನಾನು ಮಕ್ಕಳಿಗೆಂದು ಮಾಡುವ ಹಣ್ಣಿನ ರಸ ಕುಡಿದೆ, ಲೋಟ ಹಿಂತಿರುಗಿಸಿ ಠೇವಣಿ ಪಡೆದು ರೈಲು ಹತ್ತಿದೆವು. ಅಷ್ಟೇ.

ನನ್ನ ಜತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಆನಾಬೆರ್ಗ್‌ನವಳು. ಗೆಳತಿಯ ಸಂಕಟ ಅವಳ ಕಿವಿಗೆ ಬಿದ್ದಾಗ ನಮ್ಮನ್ನು ಮನೆಗೆ ಕರೆದಳು: ಕ್ರಿಸ್‌ಮಸ್‌ಗೆ ಮೊದಲಿನ ಕೊನೆಯ ಭಾನುವಾರ, ನಾಲ್ಕನೆಯ ಅಡ್ವೆಂಟ್ ಭಾನುವಾರವೇ ಬನ್ನಿ, ಇಪ್ಪತ್ತನಾಲ್ಕರ ರಾತ್ರಿ ನಮ್ಮಲ್ಲೇ ಉಣ್ಣಿ.

ಕೆಮ್ನಿಟ್ಸ್‌ನಿಂದ ರೈಲು ಕಣಿವೆ ಹಿಡಿದು ಬೆಟ್ಟ ಏರುತ್ತದೆ. ಸಂಜೆ ನಾಲ್ಕಕ್ಕೇ ಕತ್ತಲು. ಆ ಕತ್ತಲಲ್ಲಿ ಪ್ರತಿ ಮನೆಯ ಕಿಟಕಿಯಲ್ಲೂ ಕಮಾನಿನಾಕಾರದ ದೀಪ ಉರಿಯುತ್ತಿತ್ತು. ಶ್ವಿಬ್‌ಬೋಗೆನ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಮೇಣದಬತ್ತಿ ಹಿಡಿದ ಮರದ ಗೊಂಬೆಗಳು: ಮನೆಯಲ್ಲಿ ಗಂಡುಮಕ್ಕಳೆಷ್ಟೋ ಅಷ್ಟು ಗಣಿ ಕೆಲಸಗಾರರು, ಹೆಣ್ಣುಮಕ್ಕಳೆಷ್ಟೋ ಅಷ್ಟು ದೇವತೆಯರು. 1490ರ ದಶಕದಲ್ಲಿ ಬೆಳ್ಳಿ ಸಿಕ್ಕಿದ್ದರಿಂದ ಹುಟ್ಟಿದ ಊರು ಅದು. ಚಳಿಗಾಲದಲ್ಲಿ ಗಣಿಯವರು ಸೂರ್ಯ ಮೂಡುವ ಮೊದಲೇ ಇಳಿದು ಸೂರ್ಯ ಮುಳುಗಿದ ಮೇಲೆ ಹತ್ತುತ್ತಿದ್ದರು. ಹಗಲನ್ನೇ ಕಾಣದವರು ಮನೆಗೆ ಬರುವ ದಾರಿಯುದ್ದಕ್ಕೂ ಕಿಟಕಿಯಲ್ಲಿ ಬೆಳಕಿಟ್ಟರು ಎಂದು ಅಲ್ಲಿಯವರು ಹೇಳುತ್ತಾರೆ. ಬೆಳ್ಳಿ ಯಾವತ್ತೋ ಮುಗಿದಿದೆ, ದೀಪ ಇಡುವುದನ್ನು ಮಾತ್ರ ಅವರು ನಿಲ್ಲಿಸಿಲ್ಲ.

ಆ ಭಾನುವಾರ ಗಣಿಗಾರರ ಮೆರವಣಿಗೆ. ಹಳೆಯ ಗಣಿ ಉಡುಪು ತೊಟ್ಟ ಸಾವಿರಕ್ಕೂ ಹೆಚ್ಚು ಮಂದಿ, ಹಿತ್ತಾಳೆಯ ವಾದ್ಯಗಳು, ತಮಟೆಗಳು. ಒದ್ದೆ ಬಂಡೆಯ ಮೇಲೆ ಕೂರಲು, ಜಾರಲು ಬೇಕಾಗುತ್ತಿದ್ದ ಚರ್ಮದ ತುಂಡನ್ನು ಹಿಂದಕ್ಕೆ ಕಟ್ಟಿಕೊಂಡು ಅಂಚೆಯವರು, ಬೇಕರಿಯವರು, ಶಾಲೆಯ ಹುಡುಗರು ನಡೆಯುತ್ತಿದ್ದರು. ನಮ್ಮನ್ನು ಕರೆದ ಆನಾಬೆರ್ಗ್‌ನ ಗೆಳತಿಯ ಮಾವ ತುತ್ತೂರಿ ಊದುತ್ತಿದ್ದ. ನನಗೆ ಮಾರಿಕಾಂಬಾ ಜಾತ್ರೆ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಬಿಡಕಿ ಬಯಲಿಗೆ ದೇವಿ ಬರುವಾಗ ಶಿರಸಿಯಲ್ಲಿ ಸುಮ್ಮನೆ ನೋಡುತ್ತ ನಿಲ್ಲುವವರು ಹೊರಗಿನವರು ಮಾತ್ರ. ಊರಿನವರಿಗೆಲ್ಲ ಏನಾದರೊಂದು ಹೊಣೆ ಇರುತ್ತದೆ.

ಸಂತ ಅನ್ನಮ್ಮನವರ ಚರ್ಚಿನಲ್ಲಿ ಕುಮಟೆಯ ಗೆಳೆಯ ಒಂದು ಪೀಠದ ಹಿಂಬದಿಗೆ ಹೋದವನು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಅಲ್ಲಿ 1521ರಲ್ಲಿ ಹಾನ್ಸ್ ಹೆಸ್ಸೆ ಬರೆದ ಚಿತ್ರಗಳಿವೆ: ಬೆಟ್ಟ ಅಗೆಯುವವರು, ಅದಿರು ತೊಳೆಯುವ ಹೆಂಗಸರು, ನಾಣ್ಯ ಅಚ್ಚು ಹಾಕುವವರು. ದೇವರ ಪೀಠದಲ್ಲಿ ದುಡಿಯುವವರ ಮುಖಗಳು! ಇಪ್ಪತ್ತನಾಲ್ಕರ ಮಧ್ಯಾಹ್ನ ಅದೇ ಚರ್ಚಿನಲ್ಲಿ ಎಲ್ಲರೂ ಜರ್ಮನ್‌ನಲ್ಲಿ ಹಾಡುತ್ತಿದ್ದಾಗ ಕಾರವಾರದ ಗೆಳತಿ ಅದೇ ರಾಗಕ್ಕೆ ಕೊಂಕಣಿಯಲ್ಲಿ ದನಿ ಸೇರಿಸಿದಳು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಪಕ್ಕದ ಸಾಲಿನ ಅಜ್ಜಿಯೊಬ್ಬರು ತಿರುಗಿ ನೋಡಿ ತಮ್ಮ ಹಾಡಿನ ಪುಸ್ತಕವನ್ನು ಅವಳತ್ತ ಹಿಡಿದರು.

ಇನ್ನು ಊಟ. ಬೆಳಗ್ಗೆಯೇ ನಮ್ಮನ್ನು ಕೆಲಸಕ್ಕೆ ಹಚ್ಚಿದ್ದರು. ಆಯಿ ಕಳಿಸಿದ್ದ ತೋಟದ ಕಾಳುಮೆಣಸು, ಏಲಕ್ಕಿಯ ಪೊಟ್ಟಣ ಕೊಟ್ಟೆ. ಆನಾಬೆರ್ಗ್‌ನ ಗೆಳತಿಯ ತಾಯಿ ಮೂಸಿ ನೋಡಿ, ಏಲಕ್ಕಿಯನ್ನು ಆಗಲೇ ಕುಟ್ಟಲು ನನ್ನ ಕೈಗೇ ಮರಳಿ ಕೊಟ್ಟರು. ಕುಮಟೆಯವನಿಗೆ ಬುಟ್ಟಿ ತುಂಬ ಆಲೂಗಡ್ಡೆ ತುರಿಯುವ ಕೆಲಸ. ಕಾರವಾರದವಳು ಹಿಟ್ಟು ನಾದಲು ನಿಂತವಳು ಸಂಜೆಯವರೆಗೆ ಆ ಅಡುಗೆಮನೆ ಬಿಡಲಿಲ್ಲ. ಅವಳು ಹಾಗೆ ಮಾತಾಡಿದ್ದನ್ನು ನಾನು ಆ ದೇಶದಲ್ಲಿ ಅದುವರೆಗೆ ಕೇಳಿರಲಿಲ್ಲ.

ಊಟದ ಹೆಸರು ನೈನರ್ಲಾ, ಎಂದರೆ ಒಂಬತ್ತು ಬಗೆ. ಮೇಜಿನ ಬಟ್ಟೆಯಡಿ ಹುಲ್ಲು, ತಟ್ಟೆಯಡಿ ನಾಣ್ಯ. ಚಿಲ್ಲರೆ ಕಾಸು ತೀರದಿರಲಿ ಎಂದು ಬೇಳೆ, ದೊಡ್ಡ ಹಣ ಬರಲಿ ಎಂದು ಆಲೂಗಡ್ಡೆಯ ಉಂಡೆ. ಹುಳಿ ಕೋಸು, ಅಣಬೆ, ಬೀಟ್‌ರೂಟ್, ಬರಗಿನ ಗಂಜಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡಿಗೆ ದ್ರಾಕ್ಷಿ, ಬಾದಾಮಿ. ಬಾತಿನ ಹುರಿದ ಮಾಂಸ, ಸಾಸೇಜು ಅವರಿಗೆ; ಉಳಿದ ಏಳು ಬಗೆ ನನಗೂ ಆಯಿತು.

ಒಂದು ನಿಯಮವಿದೆ: ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಎದ್ದರೆ ಮುಂದಿನ ವರ್ಷ ಕೋಳಿ ಮೊಟ್ಟೆಯಿಡುವುದಿಲ್ಲವಂತೆ. ಆ ಮನೆಯಲ್ಲಿ ಅಡುಗೆ ಮಾಡಿದವರಿಗೂ ಇದೇ ನಿಯಮ. ಒಂಬತ್ತೂ ಬಗೆಯನ್ನು ಮೊದಲೇ ಮೇಜಿಗೆ ತಂದಿಟ್ಟು ಆ ತಾಯಿ ಎಲ್ಲರ ನಡುವೆ ಕೂತರು, ಬಿಸಿಬಿಸಿಯಾಗಿ ಉಂಡರು, ನಿಧಾನವಾಗಿ ಉಂಡರು. ನಮ್ಮ ಹಬ್ಬಗಳಲ್ಲಿ ಪಂಕ್ತಿ ಎಲ್ಲ ಎದ್ದ ಮೇಲೆ, ಆರಿದ ಅನ್ನಕ್ಕೆ ತಳದಲ್ಲಿ ಉಳಿದ ಸಾರು ಹಾಕಿಕೊಳ್ಳುವ ಆಯಿಯನ್ನು ನೋಡುತ್ತ ಬೆಳೆದವಳು ನಾನು. ಅವಳಿಗೆ ಇದನ್ನು ಉಣ್ಣಿಸಲೇಬೇಕು ಎಂದು ಆ ರಾತ್ರಿಯೇ ನಿಶ್ಚಯಿಸಿದೆ.

ಈಗ ಮೂವರೂ ಜಿಲ್ಲೆಗೆ ಮರಳಿದ್ದೇವೆ. ಆನಾಬೆರ್ಗ್‌ನ ಗೆಳತಿ ಗೋವೆಗೆ ಬಂದಿಳಿದು ಕಾರವಾರಕ್ಕೆ ಬರುತ್ತಾಳೆ. ನಾನೂ ಆಯಿಯೂ ಭರಣಿ ಹಿಡಿದುಕೊಂಡು ದೇವಿಮನೆ ಘಟ್ಟ ಇಳಿಯುತ್ತೇವೆ. ಕುಮಟೆಯಲ್ಲಿ ಗೆಳೆಯ ಕಾರು ತರುತ್ತಾನೆ. ಬೇಳೆಗೆ ಚನ್ನಂಗಿ ಆಗುತ್ತದೆ, ಬರಗು ಸಿಕ್ಕಿದೆ, ಬಾತಿನ ಬದಲು ಊರಕೋಳಿ, ಒಂಬತ್ತನೆಯದು ನೆವ್ರಿ. ಏಳಬಾರದು ಎಂದರೆ ಕಾರವಾರದ ಗೆಳತಿಯ ತಾಯಿ ಒಪ್ಪುತ್ತಿಲ್ಲ. "ಬಡಿಸುವವರು ಯಾರು?" ಎಂದು ದಿನಾ ಫೋನಿನಲ್ಲಿ ಕೇಳುತ್ತಾರೆ. ಆಯಿಯ ಪ್ರಶ್ನೆಯೂ ಅದೇ. ಯಾರೂ ಬಡಿಸುವುದಿಲ್ಲ. ಪಾತ್ರೆಗಳೆಲ್ಲ ಮೇಜಿನ ಮೇಲೇ ಇರುತ್ತವೆ, ಅವರಿಬ್ಬರಿಗೂ ಗೋಡೆಯ ಕಡೆಗೆ, ನಮ್ಮೆಲ್ಲರನ್ನೂ ದಾಟದೆ ಎದ್ದುಬರಲಾಗದ ಜಾಗದಲ್ಲಿ ಕುರ್ಚಿ ಹಾಕುತ್ತೇವೆ.