ನಲ್ಲಿಗೆ ಸರೋವರ, ಬಚ್ಚಲಿಗೆ ನದಿ

ಅಮೆರಿಕದ ಶಿಕಾಗೋ ಬಳಿಯ ಲಿಬರ್ಟಿವಿಲ್‌ನ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಮಿಶಿಗನ್ ಸರೋವರದ ನೀರು. ಪೂರ್ವಕ್ಕೆ ಕೆಲವೇ ಮೈಲಿ ದೂರದ ಲೇಕ್ ಬ್ಲಫ್‌ನಲ್ಲಿ ಅದನ್ನು ಎತ್ತಿ, ಶುದ್ಧೀಕರಿಸಿ, ಕೊಳವೆಯಲ್ಲಿ ಇತ್ತ ಕಳಿಸುತ್ತಾರೆ. ಆದರೆ ಬಚ್ಚಲಿನಿಂದ ಹೊರಟ ನೀರು ಮತ್ತೆ ಸರೋವರದ ಮುಖ ಕಾಣುವುದಿಲ್ಲ. ಶುದ್ಧೀಕರಣ ಘಟಕ ದಾಟಿ ಡೆಸ್ ಪ್ಲೇನ್ಸ್ ನದಿಗೆ ಬೀಳುತ್ತದೆ. ಅಲ್ಲಿಂದ ಇಲಿನಾಯ್ ನದಿ, ಮಿಸಿಸಿಪ್ಪಿ, ಕೊನೆಗೆ ಮೆಕ್ಸಿಕೋ ಕೊಲ್ಲಿ.

ಶಿಕಾಗೋದ ಉತ್ತರಕ್ಕಿರುವ ನಮ್ಮ ಲೇಕ್ ಕೌಂಟಿಗೆ (ಕೌಂಟಿಯೆಂದರೆ ಇಲ್ಲಿನ ಜಿಲ್ಲೆ) ಜನ ಬರುವುದು ಶಾಲೆಗಳನ್ನು ನೋಡಿ, ಅಂಗಳವನ್ನು ನೋಡಿ, ಶಿಕಾಗೋ ನಗರದ ಯೂನಿಯನ್ ಸ್ಟೇಷನ್‌ಗೆ ಹೋಗುವ ಮೆಟ್ರಾ ಲೋಕಲ್ ರೈಲನ್ನು ನೋಡಿ. ನಾವು ಬಂದದ್ದೂ ಹಾಗೆಯೇ. ಆದರೆ ಇಷ್ಟು ವರ್ಷಗಳಲ್ಲಿ ಈ ಊರನ್ನು ನನಗೆ ಪರಿಚಯಿಸಿದ್ದು ಇಲ್ಲಿನ ನೀರು.

ಸಕಲೇಶಪುರದ ಕಡೆಯ ಬಿಸಿಲೆ ಘಾಟಿಯನ್ನು ಬಲ್ಲವರಿಗೆ ಅಲ್ಲಿನ ಮಂಕನಹಳ್ಳಿಯ ಕಲ್ಲು ಗೊತ್ತಿರುತ್ತದೆ. ಒಂದು ಬದಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಗೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಅಂಥದೇ ಒಂದು ಏಣು ಇಲ್ಲಿಯೂ ಇದೆ. ಹಿಮನದಿಗಳು ಕರಗುವಾಗ ಬಿಟ್ಟುಹೋದ ಮಣ್ಣಿನ ದಿಬ್ಬ ಅದು. ಎಷ್ಟು ತಗ್ಗೆಂದರೆ ಕಾರಿನಲ್ಲಿ ದಾಟಿದರೂ ತಿಳಿಯುವುದಿಲ್ಲ. ಸರೋವರದಂಚಿನ ಊರಾದ ಲೇಕ್ ಫಾರೆಸ್ಟ್‌ನ ದಡದ ಕಡಿದಾದ ಕಮರಿಗಳಿಗೆ ಬಿದ್ದ ಮಳೆ ಸರೋವರ ಸೇರಿ, ಸೇಂಟ್ ಲಾರೆನ್ಸ್ ನದಿಯ ಮೂಲಕ ಅಟ್ಲಾಂಟಿಕ್ ಮುಟ್ಟುತ್ತದೆ. ನಮ್ಮ ಚಾವಣಿಯ ಮಳೆ ದಕ್ಷಿಣಕ್ಕೆ ಹೋಗುತ್ತದೆ. ಸರೋವರ ಇಷ್ಟು ಹತ್ತಿರವಿದ್ದರೂ ಕೌಂಟಿಯ ಬಹುಪಾಲು ನೆಲ ಅದಕ್ಕೆ ಬೆನ್ನು ಮಾಡಿಕೊಂಡಿದೆ.

ತೆಗೆದ ನೀರು ಹೀಗೆ ಸರೋವರಕ್ಕೆ ಮರಳದ ಕಾರಣ ಇಲ್ಲಿ ಅದರ ನೀರಿಗೆ ಲೆಕ್ಕವಿದೆ. 1900ರಲ್ಲಿ ಶಿಕಾಗೋ ನಗರ ತನ್ನ ನದಿಯನ್ನು ತಿರುಗಿಸಿ, ಕೊಳಚೆಯನ್ನು ಸರೋವರಕ್ಕೆ ಬಿಡುವ ಬದಲು ಮಿಸಿಸಿಪ್ಪಿಯ ಕಡೆಗೆ ಹರಿಸಿತು. ಸರೋವರಗಳ ಸುತ್ತಲಿನ ಉಳಿದ ರಾಜ್ಯಗಳು ಕೋರ್ಟಿಗೆ ಹೋದವು. 1967ರ ಸುಪ್ರೀಂ ಕೋರ್ಟ್ ಆದೇಶದಂತೆ ಇಲಿನಾಯ್ ರಾಜ್ಯ ಸರೋವರದಿಂದ ತೆಗೆಯಬಹುದಾದದ್ದು ಸರಾಸರಿ 3,200 ಕ್ಯೂಸೆಕ್. ನಮ್ಮ ಅಡುಗೆಮನೆಯ ನಲ್ಲಿಯೂ ಆ ಲೆಕ್ಕದೊಳಗೇ ಬರುತ್ತದೆ. ಕಾವೇರಿಯ ಸುದ್ದಿ ಓದಿಕೊಂಡು ಬೆಳೆದ ನನಗೆ ಕ್ಯೂಸೆಕ್ ಹೊಸದಲ್ಲ. ಆದರೂ ಕಣ್ಣು ಹಾಯಿಸಿದಷ್ಟು ದೂರ ನೀರೇ ಇರುವ ದಡದಲ್ಲಿ ನಿಂತು, ಇದೂ ಅಳತೆಯ ನೀರೇ ಎಂದು ನೆನೆದಾಗ ಗಂಟಲು ಒಣಗುತ್ತದೆ.

ಇನ್ನೊಂದು ನೀರು ನೆಲದಡಿಯದು. ಇಲ್ಲಿನ ಮಣ್ಣು ಜೇಡಿ. ಮಳೆಯನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ನಮ್ಮ ನೆಲಮಾಳಿಗೆಯ ಮೂಲೆಯಲ್ಲಿ ಒಂದು ಗುಂಡಿ, ಅದರಲ್ಲಿ ಸಂಪ್ ಪಂಪ್ ಇದೆ. ಗೋಡೆಯ ಸುತ್ತ ಸೇರಿದ ನೀರು ಗುಂಡಿಗೆ ಬಂದು ಬೀಳುತ್ತದೆ, ತೇಲುಬುರುಡೆ ಮೇಲೇಳುತ್ತದೆ, ಟಕ್ಕೆಂದು ಪಂಪ್ ಗುಡುಗಲು ಶುರುವಾಗುತ್ತದೆ, ನೀರು ಹೊರಗಿನ ಕೊಳವೆಗೆ ನುಗ್ಗುತ್ತದೆ. ಆಮೇಲೆ ಗಳಗಳ ಸದ್ದು, ಮೌನ, ಮತ್ತೆ ಟಕ್ಕು. 2017ರ ಜುಲೈನಲ್ಲಿ ರಾತ್ರಿಯಿಡೀ ಹುಯ್ದ ಮಳೆಗೆ ಡೆಸ್ ಪ್ಲೇನ್ಸ್ ದಡ ಮೀರಿದಾಗ ಆ ಮೌನ ಬರಲೇ ಇಲ್ಲ. ಕರೆಂಟ್ ಹೋದರೆ ಏನು ಗತಿ ಎಂದು ಗಂಡನೂ ನಾನೂ ಸರದಿಯ ಮೇಲೆ ಮೆಟ್ಟಿಲಲ್ಲಿ ಕುಳಿತಿದ್ದೆವು. ಇಲ್ಲಿಗೆ ಹೊಸದಾಗಿ ಮನೆ ಕೊಳ್ಳಲು ಬರುವವರಿಗೆ ನಾನು ಮೊದಲು ಹೇಳುವುದು, ಅಡುಗೆಮನೆಯ ಗ್ರಾನೈಟ್ ಆಮೇಲೆ ನೋಡಿ, ಪಂಪಿಗೆ ಬ್ಯಾಟರಿ ಇದೆಯೇ ನೋಡಿ ಎಂದು.

ಆ ವಾರ ನದಿ ಇನ್ನಷ್ಟು ಮನೆಗಳಿಗೆ ನುಗ್ಗದಿದ್ದುದಕ್ಕೆ ಅದರ ಇಕ್ಕೆಲದ ಕಾಡುಗಳೂ ಕಾರಣ. ನೆರೆ ಬಂದಾಗ ನೀರು ಹರಡಿಕೊಳ್ಳಲು ಅಲ್ಲಿ ಜಾಗವಿದೆ, ಏಕೆಂದರೆ ಅಲ್ಲಿ ಯಾರೂ ಮನೆ ಕಟ್ಟಿಲ್ಲ. ಇದು ತಾನಾಗಿ ಆದದ್ದಲ್ಲ. ಎಥೆಲ್ ಅಂಟರ್‌ಮೈಯರ್ ಎಂಬ ತಾಯಿಯೊಬ್ಬರು ನೆರೆಹೊರೆಯವರನ್ನು ಕಟ್ಟಿಕೊಂಡು ಓಡಾಡಿದ ಫಲವಾಗಿ, 1958ರಲ್ಲಿ ಜನರ ಮತದಿಂದಲೇ ಕೌಂಟಿಯ ಅರಣ್ಯ ಸಂರಕ್ಷಣಾ ಸಂಸ್ಥೆ ಹುಟ್ಟಿತು. ಇಂದು ಅದರ ಕೈಯಲ್ಲಿ 31,000 ಎಕರೆಗೂ ಹೆಚ್ಚು ನೆಲವಿದೆ. ನದಿಯ ಗುಂಟ ಸುಮಾರು 31 ಮೈಲಿಯ ಕಾಲುದಾರಿಯಿದೆ. 2024ರ ನವೆಂಬರಿನಲ್ಲಿ ಇನ್ನೂ 15.5 ಕೋಟಿ ಡಾಲರ್ ಸಾಲಪತ್ರಕ್ಕೆ ಮತ ಕೇಳಿದಾಗ ಜನ ಒಪ್ಪಿದರು, ನಾನೂ ಒಪ್ಪಿದೆ. ಇಲ್ಲಿನ ಆಸ್ತಿ ತೆರಿಗೆ ಭಾರವೇ, ಅದರಲ್ಲಿ ದೊಡ್ಡ ಪಾಲು ಶಾಲೆಗಳದು. ಆದರೆ ಬಿಲ್ಲಿನಲ್ಲಿ ಈ ಕಾಡಿನ ಸಾಲು ಕಂಡಾಗ ಕೊಟ್ಟದ್ದು ಸಾರ್ಥಕವೆನಿಸುತ್ತದೆ.

ಈಗ ನನ್ನ ತಲೆ ತಿನ್ನುತ್ತಿರುವುದು ಮಂಜುಗಡ್ಡೆ ಕರಗಿಸಲು ಚೆಲ್ಲುವ ಉಪ್ಪು. ಚಳಿಗಾಲ ಬಂತೆಂದರೆ ರಸ್ತೆ, ಪಾರ್ಕಿಂಗ್, ಮನೆಯ ಮುಂದಿನ ದಾರಿ ಎಲ್ಲವೂ ಬೆಳ್ಳಗೆ. ಮಂಜು ಕರಗಿದ ಮೇಲೆ ಅದರ ಕ್ಲೋರೈಡ್ ನೇರ ನದಿಗೆ, ಕೆರೆಗಳಿಗೆ ಇಳಿಯುತ್ತದೆ. ಒಮ್ಮೆ ಕರಗಿದ್ದನ್ನು ಸಾಮಾನ್ಯ ಶುದ್ಧೀಕರಣದಿಂದ ಬೇರ್ಪಡಿಸಲು ಆಗುವುದಿಲ್ಲ. ಕಪ್ಪೆಗಳಿಗೆ, ಮೀನುಗಳಿಗೆ ಅದು ವಿಷ. ಇಷ್ಟಾಗಿ, 20 ಅಡಿಯ ಡ್ರೈವ್‌ವೇಗೆ ಕಾಫಿ ಮಗ್ಗಿನಷ್ಟು ಉಪ್ಪು ಸಾಕು. ಮೊದಲು ಮಂಜನ್ನು ಸಲಿಕೆಯಿಂದ ಎತ್ತಿಹಾಕಿರಬೇಕು, ಅಷ್ಟೇ. ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಉಪ್ಪು ಕೆಲಸವನ್ನೇ ಮಾಡುವುದಿಲ್ಲ, ಆಗ ಮರಳು ಹಾಕುವುದೇ ಸರಿ. ಹಾಗಿದ್ದೂ ಚಳಿ ಹೆಚ್ಚಾದಷ್ಟೂ ಚೀಲಗಟ್ಟಲೆ ಸುರಿಯುವವರನ್ನು ಕಂಡು ಹೊಟ್ಟೆ ಉರಿಯುತ್ತದೆ.

ನಮ್ಮ ಬಡಾವಣೆಯ ಮಂಜು ತೆಗೆಯುವ ಗುತ್ತಿಗೆಯಲ್ಲಿ ಉಪ್ಪು ಹೆಚ್ಚು ಸುರಿದಷ್ಟೂ ಗುತ್ತಿಗೆದಾರರಿಗೆ ಹಣ ಹೆಚ್ಚು. ಅದನ್ನು ಇಡೀ ಋತುವಿಗೆ ಒಂದೇ ಮೊತ್ತವೆಂದು ಬದಲಿಸಿ ಎಂದು ನಿವಾಸಿಗಳ ಸಂಘಕ್ಕೆ ಪತ್ರ ಕೊಟ್ಟಿದ್ದೇನೆ. ಅಕ್ಟೋಬರ್ ಸಭೆಯಲ್ಲಿ ಚರ್ಚೆಗೆ ಬರುತ್ತದೆ. ಪಕ್ಕದ ಮನೆಯ ಇಬ್ಬರು ಸಹಿ ಹಾಕಿದ್ದಾರೆ. ಉಳಿದವರ ಬಾಗಿಲು ಈ ಶನಿವಾರ ತಟ್ಟಬೇಕು.