ಓರೆ ಬೇಲಿಯ ಪಕ್ಕದ ಶೆಡ್ಡು

ಹುಲ್ಲು ಕತ್ತರಿಸುವ ಯಂತ್ರವನ್ನು ಹೊರಗೆ ಎಳೆಯುತ್ತಿದ್ದೆ. ಹಳೇ ಶೆಡ್ಡಿನ ನೆಲದ ಹಲಗೆ ಲಟಕ್ಕನೆ ಮುರಿದು, ಯಂತ್ರದ ಒಂದು ಚಕ್ರ ಒಳಗೆ ಇಳಿದುಬಿಟ್ಟಿತು. ಬಗ್ಗಿ ನೋಡಿದರೆ ಕೆಳಗಿನ ತೊಲೆಗಳೆಲ್ಲ ಕುಂಬಾಗಿದ್ದವು. ಗೋಡೆಯ ತಳದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು.

ಇಂಗ್ಲೆಂಡಿನ ಮನೆಗಳ ಹಿತ್ತಲಲ್ಲಿ ಇಂಥ ಮರದ ಶೆಡ್ಡು ತುಂಬಾ ಸಾಮಾನ್ಯ. ಸೈಕಲ್, ಗುದ್ದಲಿ, ಕುಂಡ, ಅರ್ಧ ಉಳಿದ ಬಣ್ಣದ ಡಬ್ಬ, ಏಣಿ, ಮಡಚುವ ಕುರ್ಚಿ ಎಲ್ಲದಕ್ಕೂ ಅದೇ ಜಾಗ. ಮನೆಯೊಳಗೆ ಅವನ್ನೆಲ್ಲ ಇಡಲು ಸ್ಥಳ ಇರುವುದಿಲ್ಲ. ಆದ್ದರಿಂದ ಶೆಡ್ಡು ಹೋಯಿತು ಅಂದರೆ ನಿಜಕ್ಕೂ ಕಷ್ಟ.

ನಮ್ಮದು ಯಾಕೆ ಕುಂಬಾಯಿತು ಅಂತ ಬಿಚ್ಚುವಾಗ ಗೊತ್ತಾಯಿತು. ಅದನ್ನು ನೇರ ಮಣ್ಣಿನ ಮೇಲೆ ಇಟ್ಟಿದ್ದರು. ಅಡಿಯಲ್ಲಿ ಗಾಳಿ ಆಡಲು ಜಾಗವೇ ಇರಲಿಲ್ಲ. ಒಂದು ಮೂಲೆ ಬೇಲಿಗೆ ತಾಗಿಕೊಂಡೇ ಇತ್ತು. ಆ ಸಂದಿಯಲ್ಲಿ ವರ್ಷಗಟ್ಟಲೆ ತರಗೆಲೆ ಬಿದ್ದು, ಕೊಳೆತು, ಒದ್ದೆ ಮೆತ್ತೆಯ ಹಾಗೆ ಗೋಡೆಗೆ ಅಂಟಿಕೊಂಡಿತ್ತು. ಇಲ್ಲಿ ಚಳಿಗಾಲದಲ್ಲಿ ಬಿಸಿಲೂ ಕಡಿಮೆ. ನೆನೆದ ಮರ ಒಣಗುವುದು ಯಾವಾಗ, ಅಲ್ವಾ?

ಹೊಸದು ತಂದು ಅದೇ ಜಾಗದಲ್ಲಿ ಇಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಟೇಪು ಹಿಡಿದ ಮೇಲೆ ತೊಡಕು ಅರ್ಥವಾಯಿತು. ನಮ್ಮ ಮನೆ ಇರುವುದು ಮುಂದೆ ದಾರಿ ಇಲ್ಲದ, ಕೊನೆಯಲ್ಲಿ ದುಂಡಗೆ ತಿರುಗುವ ಬೀದಿಯ ತುದಿಯಲ್ಲಿ. ಇಂಥ ಬೀದಿಗಳಲ್ಲಿ ತುದಿಯ ಮನೆಗಳ ನಿವೇಶನ ಚೌಕವಾಗಿರುವುದಿಲ್ಲ. ಬೀದಿಯ ಕಡೆ ಕಿರಿದು, ಹಿಂದಕ್ಕೆ ಹೋದಂತೆ ಅಗಲ, ಬೀಸಣಿಗೆಯ ಒಂದು ಎಸಳಿನ ಹಾಗೆ. ಮನೆಯ ಗೋಡೆ ನೇರ, ಬೇಲಿ ಓರೆ. ಶೆಡ್ಡು ನಿಂತಿದ್ದು ಇವೆರಡರ ನಡುವೆ. ಮನೆಯ ಹಿಂದಿನ ಮೂಲೆಯಲ್ಲಿ ಗೋಡೆಯಿಂದ ಬೇಲಿಗೆ 3.2 ಮೀಟರ್. ಅಲ್ಲಿಂದ 3.6 ಮೀಟರ್ ಮುಂದೆ ಬಂದರೆ ಬರೀ 2 ಮೀಟರ್.

ಅದರಾಚೆಗೆ ಹೋಗುವ ಹಾಗಿಲ್ಲ. ಅಲ್ಲಿ ಒಳಚರಂಡಿಯ ಮುಚ್ಚಳ ಇದೆ. ನಮ್ಮ ಮನೆಯ ಮತ್ತು ಪಕ್ಕದ ಮನೆಯ ಕೊಳವೆ ಸೇರುವುದು ಅಲ್ಲೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಂಚಿಕೆಯ ಕೊಳವೆಗಳು 2011ರ ಅಕ್ಟೋಬರ್‌ನಲ್ಲಿ ನೀರಿನ ಕಂಪನಿಗಳ ಸುಪರ್ದಿಗೆ ಹೋದವು. ಅವರು ಬಂದು ಮುಚ್ಚಳ ತೆಗೆಯಬೇಕಾದರೆ ಅದು ಬಯಲಲ್ಲೇ ಇರಬೇಕು. ಇನ್ನು ಮನೆ ಗೋಡೆಯ ತಳದಲ್ಲಿ ತೂತಿನ ಇಟ್ಟಿಗೆಗಳಿವೆ. ಮನೆಯ ಮರದ ನೆಲದ ಅಡಿಗೆ ಗಾಳಿ ಹೋಗುವುದು ಅವುಗಳ ಮೂಲಕ. ಅವನ್ನು ಮುಚ್ಚಿದರೆ ಶೆಡ್ಡಿಗೆ ಆದ ಗತಿಯೇ ಮನೆಯ ನೆಲಕ್ಕೂ ಆಗುತ್ತದೆ. ಹಾಗಾಗಿ ಗೋಡೆಯ ಕಡೆ 45 ಸೆಂ.ಮೀ., ಬೇಲಿಯ ಕಡೆ ಹತ್ತಿರ ಹತ್ತಿರ ಅಷ್ಟೇ ಜಾಗ ಬಿಡಬೇಕು ಅಂತ ತೀರ್ಮಾನ ಮಾಡಿದೆವು. ಉಳಿದದ್ದು ಒಂದು ಕಡೆ 2.3 ಮೀಟರ್, ಇನ್ನೊಂದು ಕಡೆ 1.1 ಮೀಟರ್ ಅಗಲದ, 3.6 ಮೀಟರ್ ಉದ್ದದ ಜಾಗ.

ಅಂಗಡಿಗಳಲ್ಲಿ ಸಿಗುವುದೆಲ್ಲ ಚೌಕ ಪೆಟ್ಟಿಗೆಗಳು. ಈ ದೇಶದಲ್ಲಿ ಶೆಡ್ಡನ್ನು ಇವತ್ತಿಗೂ ಅಡಿ ಲೆಕ್ಕದಲ್ಲೇ ಹೇಳುತ್ತಾರೆ. 6ಕ್ಕೆ 4, 7ಕ್ಕೆ 5, 8ಕ್ಕೆ 6, ಹೀಗೆ. ನಮ್ಮ ಹಳೆಯದು 6ಕ್ಕೆ 4. ಕಾಗದದ ಮೇಲೆ ಗೆರೆ ಎಳೆದು ಒಂದೊಂದನ್ನೇ ಕೂರಿಸಿ ನೋಡಿದೆ. ಹಿಡಿದದ್ದರಲ್ಲಿ ದೊಡ್ಡದು 10ಕ್ಕೆ 4. ಅದರ ನೆಲ 3.7 ಚದರ ಮೀಟರ್. ಲೆಕ್ಕ ಹಾಕಿದರೆ ಆ ಜಾಗದಲ್ಲಿ ಮನೆ ಗೋಡೆಗೆ ನೇರವಾಗಿ ಯಾವ ಚೌಕವನ್ನು ಇಟ್ಟರೂ 4 ಚದರ ಮೀಟರ್ ದಾಟುವುದಿಲ್ಲ. ಆದರೆ ಬೇಲಿ ಹೇಗೆ ಓರೆಯಾಗಿದೆಯೋ ಹಾಗೇ ಗೋಡೆಯನ್ನೂ ಓರೆ ಮಾಡಿದರೆ 6.1 ಚದರ ಮೀಟರ್ ಸಿಗುತ್ತದೆ. ಇಷ್ಟು ವ್ಯತ್ಯಾಸ ಇರುತ್ತದೆ ಅಂತ ನಾನು ಊಹಿಸಿರಲಿಲ್ಲ. ಪೆಟ್ಟಿಗೆ ಇಟ್ಟಿದ್ದರೆ ಬೇಲಿಯ ಪಕ್ಕದಲ್ಲಿ ಮುಕ್ಕೋನದ ಒಂದು ಸಂದು ಉಳಿದು, ಮತ್ತೆ ಅಲ್ಲಿ ತರಗೆಲೆ ತುಂಬುತ್ತಿತ್ತು. ನಾವೇ ಕಟ್ಟೋಣ ಅಂತ ಆ ರಾತ್ರಿಯೇ ಮಾತಾಡಿಕೊಂಡೆವು.

ನಿಯಮಗಳ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇಂಥ ಶೆಡ್ಡಿಗೆ ಸಾಮಾನ್ಯವಾಗಿ ಅರ್ಜಿ ಬೇಕಿಲ್ಲ. ಪರ್ಮಿಟೆಡ್ ಡೆವಲಪ್‌ಮೆಂಟ್ ಅನ್ನುವ ಪಟ್ಟಿಯೊಳಗೆ ಬಂದರೆ ಸಾಕು. ಆದರೆ ಗಡಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಒಟ್ಟು ಎತ್ತರ 2.5 ಮೀಟರ್ ಮೀರಬಾರದು. ಮನೆಯ ಮುಂಭಾಗದ ಗೋಡೆಗಿಂತ ಮುಂದೆ ಬರಬಾರದು. ನೆಲ 15 ಚದರ ಮೀಟರ್ ಒಳಗಿದ್ದು, ಅದರಲ್ಲಿ ಯಾರೂ ಮಲಗದಿದ್ದರೆ ಕಟ್ಟಡ ನಿಯಮಗಳೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಳೇ ಕಟ್ಟಡಗಳನ್ನು ಕಾಪಾಡುವ ಸಂರಕ್ಷಿತ ಪ್ರದೇಶದಲ್ಲಿ ಮನೆ ಇದ್ದರೆ ಮಾತ್ರ, ನಮ್ಮ ಹಾಗೆ ಮನೆಯ ಪಕ್ಕದಲ್ಲಿ ಕಟ್ಟಲು ಅನುಮತಿ ಬೇಕು. ನಮ್ಮದು ಅಂಥ ಪ್ರದೇಶವಲ್ಲ ಅಂತ ಮೊದಲು ಖಚಿತ ಮಾಡಿಕೊಂಡೆವು.

ಕೆಡವುವುದಕ್ಕೂ ಕಾಯಬೇಕಾಯಿತು. ಏಪ್ರಿಲ್‌ನಲ್ಲಿ ಒಂದು ರಾಬಿನ್ ಹಕ್ಕಿ ಮೇಲಿನ ಕಪಾಟಿನಲ್ಲಿ, ಬಣ್ಣದ ಡಬ್ಬಗಳ ಹಿಂದೆ, ಗೂಡು ಕಟ್ಟಿತ್ತು. ಹಕ್ಕಿ ವಾಸವಿರುವ ಗೂಡನ್ನು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ನಮಗೆ ಮನಸ್ಸು ಬರುತ್ತಿರಲಿಲ್ಲ. ಮರಿಗಳು ಹಾರಿಹೋದ ಮೇಲೂ ಸ್ವಲ್ಪ ದಿನ ನೋಡಿ, ಬೇಸಿಗೆಯ ಕೊನೆಯಲ್ಲಿ ಕೈ ಹಚ್ಚಿದೆವು.

ಛಾವಣಿ ಮಾತ್ರ ನಾವು ಮುಟ್ಟಲಿಲ್ಲ. ಅದು ಅಲೆ ಅಲೆಯಾದ ಬೂದು ಶೀಟು, ನಮ್ಮಲ್ಲಿ ಸಿಮೆಂಟ್ ಶೀಟು ಅಂತಾರಲ್ಲ, ಅದೇ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಂತದ್ದು 1999ರಲ್ಲಿ. ಶೀಟು ಗಟ್ಟಿಯಾಗಿ ಸುಮ್ನೆ ಕೂತಿರುವವರೆಗೆ ಅಪಾಯ ಕಡಿಮೆ. ಒಡೆದರೆ, ಕೊರೆದರೆ, ಗರಗಸ ಹಾಕಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ. ಉಸಿರಿನ ಜೊತೆ ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಬರಬಹುದು. ತರಬೇತಿ ಇದ್ದವರನ್ನು ಕರೆಸಿದೆವು. ಅವರು ಮುಖಗವಸು ಹಾಕಿಕೊಂಡು, ಶೀಟಿಗೆ ನೀರು ಚಿಮುಕಿಸಿ, ಒಂದನ್ನೂ ಒಡೆಯದೆ ಇಡಿಯಾಗಿ ಇಳಿಸಿದರು. ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದರು. ಇದನ್ನು ಓದುವವರ ಮನೆಯಲ್ಲೂ ಹಳೇ ಶೀಟು ಇರಬಹುದು. ದಯವಿಟ್ಟು ಸುತ್ತಿಗೆಯಿಂದ ಒಡೆದು ತೆಗೆಯಬೇಡಿ.

ಮರ ತರುವ ಮೊದಲು ಶೆಡ್ಡನ್ನು ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಬರೆದೆವು. ನಾಲ್ಕು ಗೂಟ, ಒಂದು ದಾರ. ಚೌಕ ಶೆಡ್ಡಾದರೆ ಎರಡು ಕರ್ಣ ಸಮ ಬಂದರೆ ಮೂಲೆಗಳು ಸರಿ ಅಂತ ಲೆಕ್ಕ. ಇಲ್ಲಿ ಅವು ಸಮ ಬರುವುದೇ ಇಲ್ಲ. ಆದ್ದರಿಂದ ಕರ್ಣಗಳು ಎಷ್ಟಿರಬೇಕು ಅಂತ ಮೊದಲೇ ಲೆಕ್ಕ ಮಾಡಿಕೊಂಡೆವು. ಒಂದು 3.76 ಮೀಟರ್, ಇನ್ನೊಂದು 4.27. ಓರೆ ಗೋಡೆ 3.79. ಈ ಅಳತೆಗಳು ಕೂಡಿಬರುವವರೆಗೆ ಗೂಟ ಸರಿಸುತ್ತಾ ಇದ್ದೆವು. ಮಗಳು ಟೇಪಿನ ತುದಿ ಹಿಡಿದಿದ್ದಳು. ಆಮೇಲೆ ದಾರದೊಳಗೆ ಸೈಕಲ್ ತಂದು ನಿಲ್ಲಿಸಿ, ಯಂತ್ರ ತಳ್ಳಿಕೊಂಡು ಬಂದು, ಬಾಗಿಲು ಎಲ್ಲಿರಬೇಕು ಅಂತ ನೋಡಿದೆವು. ಒಂದು ಸಂಜೆ ಪೂರ್ತಿ ಹೋಯಿತು. ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದ ಸಂಜೆ ಅದು.

ನನ್ನನ್ನು ಜಾಸ್ತಿ ಕಾಡಿದ್ದು ಛಾವಣಿ. ಮನೆಯ ಕಡೆ ಎತ್ತರ, ಬೇಲಿಯ ಕಡೆ ತಗ್ಗು, ಹಾಗೆ ಅಡ್ಡಕ್ಕೆ ಇಳಿಸುವುದು ನನ್ನ ಮೊದಲ ಯೋಚನೆ. ಬರೆದು ನೋಡಿದರೆ ಕೂರುತ್ತಿರಲಿಲ್ಲ. ಎರಡೂ ಗೋಡೆಯ ಮೇಲ್ತುದಿಯನ್ನು ಮಟ್ಟವಾಗಿ ಇಟ್ಟರೆ, ಅಗಲದ ಕಡೆ ಇಳಿಜಾರು ಕಡಿಮೆ, ಕಿರಿದಾದ ಕಡೆ ಜಾಸ್ತಿ. ಛಾವಣಿ ತಿರುಚಿಕೊಳ್ಳುತ್ತದೆ. ಅದರ ಮೇಲೆ ಹಲಗೆ ಸಪಾಟಾಗಿ ಕೂರುವುದಿಲ್ಲ. ಅದೂ ಅಲ್ಲದೆ ನೀರೆಲ್ಲ ಬೇಲಿಯ ಪಕ್ಕದ ಇಕ್ಕಟ್ಟಿಗೆ ಇಳಿಯುತ್ತದೆ. ಅಲ್ಲಿ ಮಳೆನೀರು ಹಿಡಿಯಲು ಸುಮಾರು ನಾಲ್ಕು ಮೀಟರ್ ಉದ್ದದ ದೋಣಿ ಕಟ್ಟಿ, ಪ್ರತಿ ವರ್ಷ ಎಲೆ ತೆಗೆಯುವುದು ಯಾರು? ಮೂರು ದಿನ ಕಾಗದ ಹರಿದು ಹಾಕಿದೆ.

ನನ್ನ ಹೆಂಡತಿ ಚಿತ್ರವನ್ನು ತಿರುಗಿಸಿ ಇಟ್ಟು ಕೇಳಿದಳು, "ರೀ, ಅಡ್ಡಕ್ಕೇ ಯಾಕೆ ಇಳಿಬೇಕು? ಉದ್ದಕ್ಕೆ ಇಳಿಸಿದ್ರೆ ಆಗಲ್ವಾ?"

ಅಷ್ಟೇ. ಅಗಲದ ತುದಿ ಎತ್ತರ, ಕಿರಿದಾದ ತುದಿ ತಗ್ಗು. ನೆಲದಿಂದ ಒಂದು ಕಡೆ 2.4 ಮೀಟರ್, ಇನ್ನೊಂದು ಕಡೆ 2.1. ಜಂತೆಗಳು ಅಡ್ಡಕ್ಕೆ, 60 ಸೆಂ.ಮೀ.ಗೆ ಒಂದರಂತೆ ಏಳು. ಪ್ರತಿಯೊಂದೂ ಮಟ್ಟವಾಗಿಯೇ ಕೂರುತ್ತದೆ. ಮೊದಲನೆಯದು 2.3 ಮೀಟರ್ ಉದ್ದ, ಮುಂದಿನದು 2.1, ಆಮೇಲೆ 1.9, ಕೊನೆಯದು 1.1. ಒಂದೊಂದೂ ಹಿಂದಿನದಕ್ಕಿಂತ 20 ಸೆಂ.ಮೀ. ಗಿಡ್ಡ, 5 ಸೆಂ.ಮೀ. ತಗ್ಗು. ಆ ಲೆಕ್ಕ ಹಾಗೆ ಸಲೀಸಾಗಿ ಬಂದಾಗ ನನಗಾದ ಖುಷಿ ಹೇಳತೀರದು. ಏಳು ಜಂತೆಯನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ ಸುಮಾರು ಹೊತ್ತು ನೋಡುತ್ತಾ ನಿಂತಿದ್ದೆ.

ಓರೆ ಬೇಲಿಯ ಆಚೆಗಿನ ಮನೆಯವರು ಮರಗೆಲಸ ಮಾಡಿ ನಿವೃತ್ತರಾದವರು. ಅವರಿಗೆ ಚಿತ್ರ ತೋರಿಸಿದೆ. ಬೆರಳಿನಿಂದ ನೀರು ಹರಿಯುವ ದಾರಿಯನ್ನು ಎಳೆದು, "ನೀರು ನೇರ ಇಳಿಯುತ್ತದೆ, ನಿಮ್ಮ ಅಂಚು ಓರೆ ಇದೆ. ಈ ಮುಕ್ಕೋನದಲ್ಲಿ ಬಿದ್ದ ಮಳೆ ದೋಣಿಗೆ ಹೋಗುವುದಿಲ್ಲ, ಅಂಚಿನಿಂದ ನನ್ನ ಬೇಲಿಗೆ ಬೀಳುತ್ತದೆ" ಅಂದರು. ನನಗೆ ಹೊಳೆದೇ ಇರಲಿಲ್ಲ. ನಮ್ಮ ಛಾವಣಿಯ ನೀರು ಅವರ ಜಾಗಕ್ಕೆ ಬೀಳುವಂತೆ ಕಟ್ಟುವುದು ಇಲ್ಲಿ ಕಾನೂನಿಗೂ ಸರಿಯಲ್ಲ. ಉಪಾಯವನ್ನೂ ಅವರೇ ಹೇಳಿದರು. ಓರೆ ಅಂಚಿನ ಉದ್ದಕ್ಕೂ 5 ಸೆಂ.ಮೀ. ಎತ್ತರದ ಮರದ ಪಟ್ಟಿ ಹೊಡೆದು, ಛಾವಣಿಯ ಹೊದಿಕೆಯನ್ನು ಅದರ ಮೇಲೆ ಹತ್ತಿಸಿ ಇಳಿಸಬೇಕು. ಆಗ ನೀರು ಆ ಕಟ್ಟೆಯ ಗುಂಟ ಕಿರಿದಾದ ತುದಿಗೆ ಬರುತ್ತದೆ. ಅಲ್ಲಿ ಬರೀ 1.1 ಮೀಟರ್ ದೋಣಿ, ಅದರಡಿ ಒಂದು ಡ್ರಮ್. ಹೊದಿಕೆಗೆ ಇಪಿಡಿಎಂ ಎಂಬ ರಬ್ಬರ್ ಹಾಳೆ ಹಾಕಿದೆವು. ಒಂದೇ ತುಂಡು, ಎಲ್ಲೂ ಬೆಸುಗೆ ಇಲ್ಲ. ಇಷ್ಟು ಕಡಿಮೆ ಇಳಿಜಾರಿಗೆ ನನ್ನ ಮಟ್ಟಿಗೆ ಅದೇ ಸರಿ.

ಅಡಿಪಾಯಕ್ಕೆ ಕಾಂಕ್ರೀಟು ಬೇಡ ಅಂದುಕೊಂಡೆವು. ಜೇನುಗೂಡಿನಂಥ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ಮಣ್ಣು ಮಟ್ಟ ಮಾಡಿ, ಕಳೆ ತಡೆಯುವ ಬಟ್ಟೆ ಹಾಸಿ, ಅದರ ಮೇಲೆ ಜಾಲರಿ ಇಟ್ಟು ಜಲ್ಲಿ ತುಂಬುವುದು. ಓರೆ ಜಾಗಕ್ಕೆ ಇದರಲ್ಲಿ ಒಂದು ಅನುಕೂಲ ಇದೆ. ಗರಗಸದಿಂದ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ನೀರೂ ಕೆಳಗೆ ಇಂಗುತ್ತದೆ. ರಸಮಟ್ಟ ಇಟ್ಟು ಇಟ್ಟು ಎರಡು ದಿನ ಹಿಡಿಯಿತು. ತಳದ ತೊಲೆಗಳಿಗೆ ಒತ್ತಡದಲ್ಲಿ ಔಷಧಿ ತುಂಬಿಸಿದ, ಸ್ವಲ್ಪ ಹಸಿರು ಬಣ್ಣದ ಮರ ತಂದೆವು. ಆದರೆ ಔಷಧಿ ಮರದ ತಿರುಳಿನವರೆಗೆ ಹೋಗಿರುವುದಿಲ್ಲ. ಕತ್ತರಿಸಿದ ತುದಿ ಬರೀ ಮರ. ಓರೆ ಶೆಡ್ಡಿನಲ್ಲಿ ಕತ್ತರಿಸದ ತುಂಡು ಸಿಗುವುದೇ ಅಪರೂಪ. ಪ್ರತಿ ತುದಿಗೂ ಔಷಧಿ ಬಳಿಯುವ ಕೆಲಸವನ್ನು ಮಗಳು ವಹಿಸಿಕೊಂಡಳು. ಕೈಗವಸು ಹಾಕಿಕೊಂಡು, ಒಂದನ್ನೂ ಬಿಡದೆ ಬಳಿದಳು.

ಗೋಡೆ ಎಬ್ಬಿಸಿದ್ದು ಎರಡೇ ದಿನದಲ್ಲಿ. ಓರೆ ಗೋಡೆಯ ಕೋನ ಸುಮಾರು 18 ಡಿಗ್ರಿ. ಮೂಲೆಗಳಲ್ಲಿ ಹಲಗೆಗಳು ಕೂದಲೆಳೆಯಷ್ಟೂ ಬಿಡದೆ ಸೇರಬೇಕೆಂದು ಹಟ ಮಾಡಲಿಲ್ಲ. ಹೊರಗಿನಿಂದ ಒಂದು ಪಟ್ಟಿ ಹೊಡೆದರೆ ಸಂದು ಮುಚ್ಚುತ್ತದೆ.

ಬಾಗಿಲು ಅಗಲದ ತುದಿಯಲ್ಲಿ, ಹಿತ್ತಲಿನ ಕಡೆಗೆ. ನಡುವೆ ಇಡದೆ ಮನೆ ಗೋಡೆಯ ಬದಿಗೆ ಸರಿಸಿದೆವು. ಹಾಗಾಗಿ ಒಳಗೆ ಓಡಾಡುವ ದಾರಿ ನೇರ ಗೋಡೆಯ ಗುಂಟ ಕೊನೆಯವರೆಗೆ 70 ಸೆಂ.ಮೀ. ಅಗಲಕ್ಕೆ ಸಿಕ್ಕಿತು. ಸಾಮಾನೆಲ್ಲ ಓರೆ ಗೋಡೆಯ ಕಡೆ. ಬಾಗಿಲ ಹತ್ತಿರ ಸೈಕಲ್, ಆಮೇಲೆ ಹುಲ್ಲಿನ ಯಂತ್ರ, ಆಮೇಲೆ ಕುಂಡಗಳ ಕಪಾಟು. ಕಿರಿದಾದ ತುದಿಗೆ ಹೋಗುವಷ್ಟರಲ್ಲಿ 40 ಸೆಂ.ಮೀ. ಉಳಿಯುತ್ತದೆ. ಗುದ್ದಲಿ, ಕುಂಟೆ, ಪೊರಕೆಗಳನ್ನು ನೇತುಹಾಕಲು ಅಷ್ಟು ಸಾಕು. ಅದು ಪ್ರಯೋಜನಕ್ಕೆ ಬಾರದ ಮೂಲೆ ಆಗುತ್ತದೇನೋ ಅಂತ ನನಗೆ ಭಯ ಇತ್ತು. ಈಗ ದಿನಾ ಕೈ ಹೋಗುವುದು ಅಲ್ಲಿಗೇ.

ಜನವರಿಯಲ್ಲಿ ಜೋರು ಗಾಳಿ ಬೀಸಿದ ರಾತ್ರಿ ಬೇಲಿಯ ಒಂದು ಹಲಗೆ ಚೌಕಟ್ಟು ಬಿರುಕು ಬಿಟ್ಟಿತು. ಇಲ್ಲಿನ ಬೇಲಿಗಳಲ್ಲಿ ಕಾಂಕ್ರೀಟ್ ಕಂಬಗಳಲ್ಲಿರುವ ಉದ್ದನೆಯ ಸೀಳಿನೊಳಗೆ ಚೌಕಟ್ಟನ್ನು ಮೇಲಿನಿಂದ ಇಳಿಸಿರುತ್ತಾರೆ. ತೆಗೆಯಬೇಕಾದರೆ ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಎತ್ತಬೇಕು. ಹಳೇ ಶೆಡ್ಡು ಇದ್ದಿದ್ದರೆ ನಮ್ಮ ಕಡೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ನಾನು ಮೈ ಅಡ್ಡ ಮಾಡಿಕೊಂಡು ಹೊಸ ಶೆಡ್ಡಿನ ಪಕ್ಕ ಬಿಟ್ಟಿದ್ದ ಸಂದಿಯೊಳಗೆ ನುಗ್ಗಿದೆ. ಅತ್ತ ಕಡೆಯಿಂದ ಪಕ್ಕದ ಮನೆಯವರು "ಹಿಡಿದ್ರಾ?" ಅಂತ ಕೂಗಿದರು. ಹಿಡಿದೆ ಅಂದೆ. ಇಬ್ಬರೂ ಸೇರಿ ಎತ್ತಿ, ಹೊಸದನ್ನು ಇಳಿಸಿದೆವು. ಕಾಲಡಿಯ ಜಲ್ಲಿಯ ಮೇಲೆ ನಾಲ್ಕೈದು ಎಲೆ ಬಿದ್ದಿದ್ದವು. ಹೊರಗೆ ಬರುವಾಗ ಹೆಕ್ಕಿಕೊಂಡು ಬಂದೆ.